ಮಸಾಲೆ ಹಚ್ಚಿಟ್ಟ ಮಾಂಸ ಎಷ್ಟು ಹೊತ್ತು ತಾಳೀತು?

ಬಕ್ರೀದ್ ದಿನ ಮಧ್ಯಾಹ್ನ ಹನ್ನೆರಡು ದಾಟುವ ಹೊತ್ತಿಗೆ ನಮ್ಮ ಮನೆಗಳ ಅಡುಗೆಕೋಣೆ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕುರ್ಬಾನಿಯ ಮಾಂಸ ಒಂದು ಟಬ್ಬಿನಲ್ಲಿ. ಅಕ್ಕಪಕ್ಕದವರು, ನೆಂಟರು ಕಳುಹಿಸಿದ ಪ್ಲಾಸ್ಟಿಕ್ ಚೀಲಗಳು ಇನ್ನೊಂದು ಕಡೆ. ಪಾಲು ಮಾಡುವವರು ಅಂಗಳದಲ್ಲಿ. ಫ್ರಿಜ್‌ನಲ್ಲಿ ಬೆರಳು ತೂರಿಸಲೂ ಜಾಗವಿಲ್ಲ. ಆಗ ಮನೆಯ ಹಿರಿಯರೊಬ್ಬರು ಹೇಳುತ್ತಾರೆ: "ಸ್ವಲ್ಪ ಅರಿಶಿನ, ಉಪ್ಪು, ಲಿಂಬೆರಸ ಹಚ್ಚಿಡು ಮಗಳೇ. ರಾತ್ರಿಯವರೆಗೆ ಏನೂ ಆಗೋದಿಲ್ಲ."

ನನ್ನ ಅತ್ತೆಯವರೂ ಹೀಗೆಯೇ ಹೇಳುತ್ತಿದ್ದರು. ನಾನೂ ಹಾಗೆಯೇ ಮಾಡುತ್ತಿದ್ದೆ. ಒಂದು ವರ್ಷ ಬೆಳಗ್ಗೆ ಬಂದ ಮಾಂಸದ ಚೀಲವೊಂದು ಬಾಗಿಲ ಹಿಂದೆ ಮರೆತುಹೋಗಿತ್ತು. ಅಸರ್ ನಮಾಝಿನ ಹೊತ್ತಿಗೆ ಕಣ್ಣಿಗೆ ಬಿತ್ತು. ಮೂಸಿ ನೋಡಿದೆವು, ಅಂಥ ವಾಸನೆಯೇನೂ ಇರಲಿಲ್ಲ. ಶುಂಠಿ, ಬೆಳ್ಳುಳ್ಳಿ, ಲಿಂಬೆ, ಅರಿಶಿನ ಎಲ್ಲ ಧಾರಾಳವಾಗಿ ಹಚ್ಚಿ ಇಟ್ಟು ರಾತ್ರಿ ಹುರಿದೆವು. ಘಮಘಮ ಎನ್ನುತ್ತಿತ್ತು. ಮಧ್ಯರಾತ್ರಿಗೆ ಮನೆಯಲ್ಲಿ ಮೂವರಿಗೆ ವಾಂತಿ ಭೇದಿ. ಯಾವ ಬ್ಯಾಕ್ಟೀರಿಯಾ ಎಂದು ಯಾರೂ ಪರೀಕ್ಷಿಸಲಿಲ್ಲ. ಡ್ರಿಪ್ ಹಾಕಿಸಿಕೊಂಡು ಬಂದೆವು. ಆದರೆ ಆ ರಾತ್ರಿಯ ನಂತರ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ಅರಿಶಿನ, ಬೆಳ್ಳುಳ್ಳಿ, ಲವಂಗ, ಲಿಂಬೆ ಇವುಗಳಲ್ಲಿ ಕ್ರಿಮಿನಾಶಕ ಗುಣವಿದೆ ಎನ್ನುವುದು ಸುಳ್ಳೇ? ಸುಳ್ಳಲ್ಲವಾದರೆ ನಮ್ಮನ್ನು ಏಕೆ ಕಾಪಾಡಲಿಲ್ಲ?

ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತದೆ?

ಆರೋಗ್ಯವಂತ ಪ್ರಾಣಿಯ ಸ್ನಾಯುವಿನ ಒಳಭಾಗದಲ್ಲಿ ಬ್ಯಾಕ್ಟೀರಿಯಾ ಬಹುತೇಕ ಇರುವುದೇ ಇಲ್ಲ. ಅದು ಬರುವುದು ಹೊರಗಿನಿಂದ: ತೊಗಲಿನ ಕೂದಲು, ಕರುಳಿನ ಹೊಲಸು, ಚಾಕು, ಮರದ ದಿಮ್ಮಿ, ಕೈ, ತೊಳೆಯುವ ನೀರು. ತೊಗಲು ಸುಲಿಯುವಾಗ ಮತ್ತು ಹೊಟ್ಟೆ ಬಗೆಯುವಾಗ ನಡೆಯುವ ಸಣ್ಣ ಅಜಾಗ್ರತೆಯೇ ಮುಂದಿನ ಎಲ್ಲವನ್ನೂ ನಿರ್ಧರಿಸುತ್ತದೆ. ಇಡೀ ತೊಡೆಯಲ್ಲಿ ಬ್ಯಾಕ್ಟೀರಿಯಾ ಇರುವುದು ಮೇಲ್ಮೈಯಲ್ಲಿ ಮಾತ್ರ. ಅದನ್ನೇ ಸಣ್ಣ ತುಂಡು ಮಾಡಿದರೆ ಮೇಲ್ಮೈ ಹತ್ತಾರು ಪಟ್ಟು ಹೆಚ್ಚುತ್ತದೆ. ಕೀಮಾ ಮಾಡಿದರಂತೂ ಒಳಗೂ ಹೊರಗೂ ಒಂದೇ ಆಗಿಬಿಡುತ್ತದೆ. ಕೀಮಾ ಎಲ್ಲಕ್ಕಿಂತ ಬೇಗ ಕೆಡುವುದು ಇದಕ್ಕೇ.

ಮಾಂಸಕ್ಕೆ ತನ್ನದೇ ಆದ ಒಂದು ರಕ್ಷಣೆಯೂ ಇದೆ. ಝಬಹ್ ಆದ ಮೇಲೆ ಸ್ನಾಯುವಿನಲ್ಲಿ ಉಳಿದಿರುವ ಗ್ಲೈಕೋಜೆನ್ ಎಂಬ ಸಕ್ಕರೆ ನಿಧಾನವಾಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಜೀವಂತ ಸ್ನಾಯುವಿನ ಪಿಎಚ್ ಸುಮಾರು 7. ಕೆಲವು ತಾಸುಗಳಲ್ಲಿ ಅದು 5.5ರ ಆಸುಪಾಸಿಗೆ ಇಳಿಯುತ್ತದೆ. ಈ ಹುಳಿ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಸ್ವಲ್ಪ ತಡೆಯುತ್ತದೆ. ಪ್ರಾಣಿ ದೂರದಿಂದ ಲಾರಿಯಲ್ಲಿ ನಿಂತು ಬಂದು ಬಳಲಿದ್ದರೆ, ಹೆದರಿ ಓಡಾಡಿದ್ದರೆ ಆ ಸಕ್ಕರೆ ಮೊದಲೇ ಖರ್ಚಾಗಿರುತ್ತದೆ. ಆಗ ಹುಳಿ ಹುಟ್ಟುವುದಿಲ್ಲ, ಪಿಎಚ್ 6ಕ್ಕಿಂತ ಮೇಲೆಯೇ ನಿಲ್ಲುತ್ತದೆ. ಮಾಂಸ ಕಪ್ಪಾಗಿ, ಬಿಗಿಯಾಗಿ ಕಾಣುತ್ತದೆ ಮತ್ತು ಬೇಗ ಕೆಡುತ್ತದೆ. ಪ್ರಾಣಿಗೆ ನೀರು ಕೊಡಬೇಕು, ಅದರ ಕಣ್ಣ ಮುಂದೆ ಚಾಕು ಮಸೆಯಬಾರದು, ಹರಿತವಾದ ಚಾಕುವಿನಿಂದ ಬೇಗ ಮುಗಿಸಬೇಕು ಎಂದು ನಮಗೆ ಕಲಿಸಿರುವುದು ಕರುಣೆಯ ಕಾರಣಕ್ಕೆ. ಮಾಂಸ ಬಾಳಿಕೆ ಬರಲಿ ಎಂಬುದಕ್ಕಾಗಿ ಅದನ್ನು ಹೇಳಲಾಗಿದೆ ಎಂದು ನಾನು ವಾದಿಸುವುದಿಲ್ಲ. ಆದರೆ ಕರುಣೆ ಕಾಣದ ಪ್ರಾಣಿಯ ಮಾಂಸ ಬೇಗ ಕೆಡುತ್ತದೆ ಎನ್ನುವುದು ಅನುಭವದ ಮಾತು ಮಾತ್ರವಲ್ಲ, ಅಳೆದು ನೋಡಿದ ವಿಷಯ.

ಮೂಗಿಗೆ ಗೊತ್ತಾಗುವವು, ಗೊತ್ತಾಗದವು

ಮಾಂಸ ಕೆಡಿಸುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ಸ್ಯೂಡೊಮೊನಾಸ್. ಇದಕ್ಕೆ ಗಾಳಿ ಬೇಕು, ತಂಪಿಗೆ ಇದು ಹೆದರುವುದಿಲ್ಲ. ಫ್ರಿಜ್‌ನಲ್ಲಿಟ್ಟ ಮಾಂಸವೂ ನಾಲ್ಕೈದು ದಿನಕ್ಕೆ ಲೋಳೆಯಾಗುವುದು ಹೆಚ್ಚಾಗಿ ಇದರಿಂದಲೇ. ಮೊದಲು ಇದು ಮಾಂಸದಲ್ಲಿರುವ ಸಕ್ಕರೆಯನ್ನು ತಿನ್ನುತ್ತದೆ. ಆಗ ವಾಸನೆ ಬರುವುದಿಲ್ಲ. ಸಕ್ಕರೆ ಮುಗಿದ ಮೇಲೆ ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲಗಳಿಗೆ ಬಾಯಿ ಹಾಕುತ್ತದೆ. ಆಗಲೇ ಅಮೋನಿಯಾ ಮತ್ತು ಗಂಧಕದ ದುರ್ವಾಸನೆ ಶುರು. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಸುಮಾರು ಒಂದು ಕೋಟಿ ಬ್ಯಾಕ್ಟೀರಿಯಾ ಸೇರಿದಾಗ ಮೂಗಿಗೆ ತಿಳಿಯುತ್ತದೆ. ಹತ್ತು ಕೋಟಿಗೆ ಮುಟ್ಟಿದಾಗ ಬೆರಳಿಗೆ ಲೋಳೆ ಅಂಟುತ್ತದೆ. ಅಂದರೆ ವಾಸನೆ ಬರುವ ಹೊತ್ತಿಗೆ ಕೆಲಸ ಎಂದೋ ಮುಗಿದಿರುತ್ತದೆ.

ಆದರೆ ಈ ಸ್ಯೂಡೊಮೊನಾಸ್ ನಮ್ಮನ್ನು ಆಸ್ಪತ್ರೆಗೆ ಕಳುಹಿಸುವುದು ಅಪರೂಪ. ನಮ್ಮನ್ನು ಮಲಗಿಸುವವರು ಬೇರೆ: ಸಾಲ್ಮೊನೆಲ್ಲಾ, ಇ. ಕೋಲಿಯ ಕೆಲವು ಜಾತಿಗಳು, ಸ್ಟಫೈಲೊಕಾಕಸ್, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಇವು ಕಾಯಿಲೆ ತರುವಷ್ಟು ಇದ್ದರೂ ಮಾಂಸದ ಬಣ್ಣ ಬದಲಾಗಬೇಕೆಂದಿಲ್ಲ, ವಾಸನೆ ಬರಬೇಕೆಂದಿಲ್ಲ. ಬೆಚ್ಚನೆಯ ಅಡುಗೆಕೋಣೆಯಲ್ಲಿ ಕೆಲವೇ ತಾಸುಗಳಲ್ಲಿ ಇವು ಬೆಳೆದುಬಿಡುತ್ತವೆ. ಹದವಾದ ಶಾಖದಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆ ವೇಗದಲ್ಲಿ ಒಂದು ಬ್ಯಾಕ್ಟೀರಿಯಾ ನಾಲ್ಕು ತಾಸಿಗೆ 4,096. ಆರು ತಾಸಿಗೆ ಎರಡೂವರೆ ಲಕ್ಷ ದಾಟುತ್ತದೆ.

ನಮ್ಮ ಹಳೆಯ ನಂಬಿಕೆ ಎಡವುವುದು ಇಲ್ಲೇ. "ವಾಸನೆ ಇಲ್ಲ, ಹಾಗಾಗಿ ಚೆನ್ನಾಗಿದೆ" ಎನ್ನುತ್ತೇವೆ. ಮೂಗು ಸಾಕ್ಷಿ ಹೇಳುವುದು ಕೆಡಿಸುವ ಬ್ಯಾಕ್ಟೀರಿಯಾದ ಬಗ್ಗೆ ಮಾತ್ರ. ಕಾಯಿಲೆಯ ಬ್ಯಾಕ್ಟೀರಿಯಾದ ಬಗ್ಗೆ ಅದಕ್ಕೆ ಏನೂ ತಿಳಿಯದು. ಮೇಲೆ ಬೆಳ್ಳುಳ್ಳಿ, ಗರಂ ಮಸಾಲೆ ಹಚ್ಚಿದೆವೆಂದರೆ ಮೂಗಿನ ಆ ಅರ್ಧ ಸಾಕ್ಷಿಯನ್ನೂ ನಾವೇ ಮುಚ್ಚಿಹಾಕಿದ ಹಾಗಾಯಿತು.

ಮಸಾಲೆಯೊಳಗಿನ ಮದ್ದು

ಹಾಗಾದರೆ ಮಸಾಲೆಯಲ್ಲಿ ಏನೂ ಇಲ್ಲವೇ? ಖಂಡಿತ ಇದೆ. ಗಿಡಗಳಿಗೂ ಬ್ಯಾಕ್ಟೀರಿಯಾ, ಬೂಷ್ಟು, ಹುಳುಗಳ ಕಾಟ ಇದ್ದೇ ಇದೆ. ಓಡಿಹೋಗಲಾರದ ಗಿಡ ತನ್ನ ಎಲೆ, ತೊಗಟೆ, ಮೊಗ್ಗು, ಬೀಜಗಳಲ್ಲಿ ರಾಸಾಯನಿಕ ಆಯುಧಗಳನ್ನು ತುಂಬಿಟ್ಟುಕೊಳ್ಳುತ್ತದೆ. ನಾವು ಘಮ ಎನ್ನುವುದು, ಖಾರ ಎನ್ನುವುದು ಬಹುಮಟ್ಟಿಗೆ ಆ ಆಯುಧಗಳನ್ನೇ.

ಬೆಳ್ಳುಳ್ಳಿಯನ್ನು ತೆಗೆದುಕೊಳ್ಳಿ. ಜಜ್ಜದ ಇಡೀ ಎಸಳಿಗೆ ಆ ಘಾಟು ಇರುವುದಿಲ್ಲ. ಅದರೊಳಗೆ ಅಲೈನ್ ಎಂಬ ಪದಾರ್ಥ ಒಂದು ಕೋಣೆಯಲ್ಲಿ, ಅಲೈನೇಸ್ ಎಂಬ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಜಜ್ಜಿದಾಗ ಗೋಡೆ ಒಡೆದು ಎರಡೂ ಸೇರಿ ಕ್ಷಣಾರ್ಧದಲ್ಲಿ ಅಲಿಸಿನ್ ಹುಟ್ಟುತ್ತದೆ. 1944ರಲ್ಲಿ ಅಮೆರಿಕದ ಚೆಸ್ಟರ್ ಕ್ಯಾವಲಿಟೊ ಮತ್ತು ಜಾನ್ ಬೈಲಿ ಎಂಬ ರಸಾಯನ ವಿಜ್ಞಾನಿಗಳು ಇದನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಗುಣವನ್ನು ತೋರಿಸಿದರು. ಅಲಿಸಿನ್ ಬ್ಯಾಕ್ಟೀರಿಯಾದ ಕಿಣ್ವಗಳಲ್ಲಿರುವ ಗಂಧಕದ ಕೊಂಡಿಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನೇ ನಿಲ್ಲಿಸುತ್ತದೆ. ಆದರೆ ಅಲಿಸಿನ್ ಬಹಳ ಹೊತ್ತು ಬಾಳುವುದಿಲ್ಲ. ಕಾಯಿಸಿದರೆ ಒಡೆಯುತ್ತದೆ, ಜಜ್ಜಿ ಇಟ್ಟರೂ ಮೆಲ್ಲಗೆ ಬೇರೆ ಪದಾರ್ಥವಾಗುತ್ತದೆ. ಇಡೀ ಎಸಳನ್ನು ಮೊದಲೇ ಬೇಯಿಸಿದರೆ ಕಿಣ್ವವೇ ಸಾಯುವುದರಿಂದ ಅಲಿಸಿನ್ ಹುಟ್ಟುವುದೇ ಇಲ್ಲ.

ಲವಂಗದ ಎಣ್ಣೆಯ ಬಹುಪಾಲು ಯೂಜಿನಾಲ್. ಹಲ್ಲುನೋವಿಗೆ ಲವಂಗ ಕಚ್ಚಿದಾಗ ಮರಗಟ್ಟಿಸುವುದೂ ಅದೇ. ದಾಲ್ಚಿನ್ನಿಯಲ್ಲಿ ಸಿನಮಾಲ್ಡಿಹೈಡ್, ಓಮದಲ್ಲಿ ಥೈಮಾಲ್, ಸಾಸಿವೆಯಲ್ಲಿ ಮೂಗಿಗೆ ಏರುವ ಐಸೋಥಯೋಸಯನೇಟ್. ಯೂಜಿನಾಲ್, ಥೈಮಾಲ್‌ಗಳು ಎಣ್ಣೆಯ ಸ್ವಭಾವದವು. ಬ್ಯಾಕ್ಟೀರಿಯಾದ ಕೊಬ್ಬಿನ ಪೊರೆಯಲ್ಲಿ ಕರಗಿ ತೂತು ಮಾಡುತ್ತವೆ. ಒಳಗಿನ ಪೊಟ್ಯಾಸಿಯಂ, ಶಕ್ತಿಯ ಅಣುಗಳು ಸೋರಿಹೋಗುತ್ತವೆ. ನಾವು ಅತಿ ಹೆಚ್ಚು ನಂಬುವ ಅರಿಶಿನ ಮಾತ್ರ ಈ ಸಾಲಿನಲ್ಲಿ ಸ್ವಲ್ಪ ಹಿಂದೆಯೇ ನಿಲ್ಲುತ್ತದೆ. ಅದರ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಕರಗದೆ ಬ್ಯಾಕ್ಟೀರಿಯಾವನ್ನು ತಲುಪುವುದು ಹೇಗೆ? ಮಾಂಸಕ್ಕೆ ಬಣ್ಣ ಬಂದಷ್ಟು ಬೇಗ ರಕ್ಷಣೆ ಬರುವುದಿಲ್ಲ.

ಲಿಂಬೆ, ಸುರ್ಕ, ಹುಣಸೆ, ಪುನರ್ಪುಳಿ, ಮೊಸರು ಇವೆಲ್ಲ ಹುಳಿಯ ದಾರಿಯಲ್ಲಿ ಕೆಲಸ ಮಾಡುತ್ತವೆ. ಪಿಎಚ್ ಇಳಿದರೆ ಬ್ಯಾಕ್ಟೀರಿಯಾಕ್ಕೆ ಉಸಿರುಕಟ್ಟುತ್ತದೆ. ಸುರ್ಕದ ಅಸಿಟಿಕ್ ಆಮ್ಲ ಪೊರೆಯನ್ನು ದಾಟಿ ಒಳಗೇ ಹುಳಿ ಮಾಡುವುದರಿಂದ ಅದರ ಪೆಟ್ಟು ಜೋರು. ದೊಡ್ಡ ಕಸಾಯಿಖಾನೆಗಳಲ್ಲಿ ಇದನ್ನೇ ಅಳತೆಯಿಂದ ಮಾಡುತ್ತಾರೆ. ದನದ ಮಾಂಸದ ಹೊರಮೈಯ ಬ್ಯಾಕ್ಟೀರಿಯಾ ಕಡಿಮೆ ಮಾಡಲು ನೂರಕ್ಕೆ 2ರಿಂದ 5ರಷ್ಟು ಲ್ಯಾಕ್ಟಿಕ್ ಆಮ್ಲದ ದ್ರಾವಣ ಸಿಂಪಡಿಸುವುದಕ್ಕೆ ಯುರೋಪಿಯನ್ ಒಕ್ಕೂಟ 2013ರಲ್ಲಿ ಅನುಮತಿ ಕೊಟ್ಟಿತು. ಅಮೆರಿಕದಲ್ಲಿ ಅದು ಅದಕ್ಕೂ ಮೊದಲಿನಿಂದ ಇದೆ.

ಪ್ರಯೋಗಶಾಲೆಯ ಗಾಜಿನ ತಟ್ಟೆ ಬೇರೆ, ಮಾಂಸ ಬೇರೆ

ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ "ಲವಂಗ ಸಾಲ್ಮೊನೆಲ್ಲಾವನ್ನು ಕೊಲ್ಲುತ್ತದೆ" ಎಂಬ ಸಾಲು ಓದುತ್ತೇವೆ. ಅದು ಸುಳ್ಳಲ್ಲ. ಆದರೆ ಆ ಪ್ರಯೋಗ ಸಾಮಾನ್ಯವಾಗಿ ಗಾಜಿನ ತಟ್ಟೆಯ ಮೇಲೆ ಅಥವಾ ತಿಳಿ ಸಾರಿನಂಥ ದ್ರವದಲ್ಲಿ, ಲವಂಗದಿಂದ ಇಳಿಸಿದ ಎಣ್ಣೆಯಿಂದ ನಡೆದಿರುತ್ತದೆ. ಮಾಂಸದ ಮೇಲೆ ಕಥೆ ಬೇರೆ. ಮಾಂಸದಲ್ಲಿ ಕೊಬ್ಬಿದೆ, ಎಣ್ಣೆಯ ಸ್ವಭಾವದ ಯೂಜಿನಾಲ್ ಬ್ಯಾಕ್ಟೀರಿಯಾವನ್ನು ಹುಡುಕುವ ಬದಲು ಆ ಕೊಬ್ಬಿನಲ್ಲೇ ಕರಗಿ ಕೂರುತ್ತದೆ. ಮಾಂಸದಲ್ಲಿ ಪ್ರೋಟೀನ್ ಇದೆ. ಗಂಧಕಕ್ಕೆ ಅಂಟುವ ಅಲಿಸಿನ್ ಮಾಂಸದ ಗಂಧಕಕ್ಕೇ ಅಂಟಿ ಮುಗಿದುಹೋಗುತ್ತದೆ. ತಟ್ಟೆಯಲ್ಲಿ ಸಾಕಾದ ಪ್ರಮಾಣ ಆಹಾರದಲ್ಲಿ ಹತ್ತು ಪಟ್ಟಾದರೂ ಸಾಲದೆ ಹೋಗುವುದುಂಟು. ಅಷ್ಟು ಲವಂಗದೆಣ್ಣೆ ಹಾಕಿದ ಮಾಂಸವನ್ನು ಬಾಯಿಗೆ ಇಡಲಾಗುವುದಿಲ್ಲ.

ಇನ್ನೊಂದು ಅಡ್ಡಿ ಬ್ಯಾಕ್ಟೀರಿಯಾದ ಕಡೆಯಿಂದ. ಸ್ಯೂಡೊಮೊನಾಸ್, ಸಾಲ್ಮೊನೆಲ್ಲಾ, ಇ. ಕೋಲಿ ಮೂರಕ್ಕೂ ಸಾಮಾನ್ಯ ಪೊರೆಯ ಮೇಲೆ ಇನ್ನೊಂದು ಹೊರಪೊರೆಯ ಕವಚವಿದೆ. ಎಣ್ಣೆಯಂಥ ಪದಾರ್ಥಗಳನ್ನು ಅದು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಮಸಾಲೆ ಎಣ್ಣೆಗಳಿಗೆ ಎಲ್ಲಕ್ಕಿಂತ ಗಟ್ಟಿಯಾಗಿ ಎದುರು ನಿಲ್ಲುವುದು ಸ್ಯೂಡೊಮೊನಾಸ್ ಎಂದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಮಾಂಸ ಕೆಡಿಸುವ ಮುಖ್ಯ ಕಳ್ಳನ ಮೇಲೆಯೇ ಈ ಮದ್ದಿನ ಪ್ರಭಾವ ಕಡಿಮೆ.

ಕಾರ್ಖಾನೆಗಳು ಬಳಸುವ ನೈಸರ್ಗಿಕ ಪದಾರ್ಥಗಳಿಗೂ ಇದೇ ಮಿತಿ. ಹಾಲಿನಲ್ಲಿರುವ ಲ್ಯಾಕ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೇರೆ ಬ್ಯಾಕ್ಟೀರಿಯಾಗಳನ್ನು ಓಡಿಸಲು ನೈಸಿನ್ ಎಂಬ ಸಣ್ಣ ಪ್ರೋಟೀನನ್ನು ತಯಾರಿಸುತ್ತದೆ. 1928ರಲ್ಲಿ ಗಮನಕ್ಕೆ ಬಂದ ಇದನ್ನು ಇಂದು ಚೀಸ್ ಮೊದಲಾದವುಗಳಲ್ಲಿ ಬಳಸುತ್ತಾರೆ. ಲಿಸ್ಟೀರಿಯಾದಂಥ, ಹೊರಕವಚವಿಲ್ಲದ ಬ್ಯಾಕ್ಟೀರಿಯಾಗಳ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಕವಚವಿರುವವುಗಳ ಮೇಲೆ ಒಂಟಿಯಾಗಿ ಅಷ್ಟಾಗಿ ಇಲ್ಲ. ಹಸಿ ಮಾಂಸದಲ್ಲಿರುವ ಗ್ಲುಟಾಥಯಾನ್ ಎಂಬ ಪದಾರ್ಥವಂತೂ ನೈಸಿನ್ನನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಪ್ಯಾಕೆಟ್ ಹಿಂದಿನ ಸಂಖ್ಯೆಗಳನ್ನು ನೋಡಿ ಹಲಾಲೋ ಅಲ್ಲವೋ ಎಂದು ಚಿಂತಿಸುವವರಿಗೆ ಒಂದು ಮಾತು: ಐಎನ್‌ಎಸ್ 234 ಎಂದರೆ ಈ ನೈಸಿನ್, 260 ಎಂದರೆ ಸುರ್ಕದ ಅಸಿಟಿಕ್ ಆಮ್ಲ, 270 ಎಂದರೆ ಲ್ಯಾಕ್ಟಿಕ್ ಆಮ್ಲ, ಇದು ಸಾಮಾನ್ಯವಾಗಿ ಸಕ್ಕರೆಯನ್ನು ಹುಳಿಯಿಸಿ ಮಾಡಿದ್ದು. 1105 ಎಂದರೆ ಲೈಸೊಜೈಮ್, ಮೊಟ್ಟೆಯ ಬಿಳಿಯಿಂದ ತೆಗೆದದ್ದು.

ಮಸಾಲೆ ಎಣ್ಣೆ ಹಚ್ಚಿದ ಮಾಂಸ ಹೆಚ್ಚು ದಿನ ಬಾಳಿತು ಎನ್ನುವ ಪ್ರಯೋಗಗಳೂ ಬೇಕಾದಷ್ಟಿವೆ. ಅವುಗಳನ್ನು ಓದುವಾಗ ಒಂದು ಸಾಲನ್ನು ಬಿಡಬಾರದು: ಅವು ಹೆಚ್ಚಿನವು 4 ಡಿಗ್ರಿ ಆಸುಪಾಸಿನ ತಂಪಿನಲ್ಲಿ ನಡೆದವು. ತಂಪಿನ ಜೊತೆ ಸೇರಿದಾಗ ಮಸಾಲೆ ಇನ್ನೂ ಕೆಲವು ದಿನ ಗಳಿಸಿಕೊಡುತ್ತದೆ. ತಂಪಿನ ಬದಲಿಗೆ ನಿಲ್ಲುವ ಶಕ್ತಿ ಅದಕ್ಕಿಲ್ಲ. ಬಾಗಿಲ ಹಿಂದೆ ತೂಗುಹಾಕಿದ ನಮ್ಮ ಮನೆಯ ಚೀಲದಲ್ಲಿ ಆದದ್ದು ಇದೇ. ಮಸಾಲೆ ಹಚ್ಚುವ ಹೊತ್ತಿಗೆ ಐದಾರು ತಾಸು ಕಳೆದಿತ್ತು. ಸ್ಟಫೈಲೊಕಾಕಸ್‌ನಂಥವು ಒಮ್ಮೆ ವಿಷ ಬಿಟ್ಟರೆ ಹುರಿದರೂ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಉಪ್ಪಿಗೂ ಅದು ಜಗ್ಗುವುದಿಲ್ಲ.

ಬಿಸಿಲ ನಾಡಿಗೆ ಖಾರ ಏಕೆ?

ಬಿಸಿಲಿನ ದೇಶಗಳಲ್ಲೇ ಮಸಾಲೆ ಹೆಚ್ಚು ಏಕೆ ಎಂಬ ಪ್ರಶ್ನೆಗೆ 1998ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಾಲ್ ಶೆರ್ಮನ್ ಮತ್ತು ಜೆನಿಫರ್ ಬಿಲ್ಲಿಂಗ್ ಒಂದು ಉತ್ತರ ಕೊಟ್ಟರು. 36 ದೇಶಗಳ 93 ಅಡುಗೆ ಪುಸ್ತಕಗಳಿಂದ 4,578 ಮಾಂಸದ ಅಡುಗೆಗಳನ್ನು ಎಣಿಸಿ, ಸೆಕೆ ಹೆಚ್ಚಿದಂತೆ ಮಸಾಲೆಯೂ ಹೆಚ್ಚುತ್ತದೆ ಎಂದು ತೋರಿಸಿದರು. ಆಹಾರದ ಬ್ಯಾಕ್ಟೀರಿಯಾಗಳಿಂದ ರಕ್ಷಣೆಗಾಗಿಯೇ ಜನ ಮಸಾಲೆಗೆ ಒಗ್ಗಿಕೊಂಡರು ಎಂಬುದು ಅವರ ವಾದ. ನಮ್ಮ ಅಜ್ಜಿಯಂದಿರಿಗೆ ವಿಜ್ಞಾನದ ಮುದ್ರೆ ಬಿದ್ದ ಹಾಗೆ ಈ ಮಾತು ಎಲ್ಲೆಡೆ ಹಬ್ಬಿತು. ಇಂದಿಗೂ ಹಬ್ಬುತ್ತಿದೆ.

2021ರಲ್ಲಿ ಆಸ್ಟ್ರೇಲಿಯಾದ ಲಿಂಡೆಲ್ ಬ್ರೋಮಮ್ ಮತ್ತು ಜೊತೆಗಾರರು 70 ಅಡುಗೆ ಪರಂಪರೆಗಳ 33,750 ಅಡುಗೆಗಳನ್ನು ಇಟ್ಟುಕೊಂಡು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಅಕ್ಕಪಕ್ಕದ ನಾಡುಗಳು ಒಂದರಿಂದೊಂದು ಅಡುಗೆ ಕಲಿಯುತ್ತವೆ ಎನ್ನುವುದನ್ನೂ, ಬಡತನವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ರೋಗರಕ್ಷಣೆಯ ವಾದಕ್ಕೆ ಆಧಾರ ಬಹಳ ತೆಳುವಾಯಿತು. ನನಗಂತೂ ಎರಡನೆಯದೇ ಸರಿಯೆನಿಸುತ್ತದೆ. ಮಸಾಲೆ ರುಚಿಗಾಗಿ. ಅದರಲ್ಲಿ ಅವಮಾನವೇನೂ ಇಲ್ಲ.

ಮಸಾಲೆಯ ಬಗ್ಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ನೆಲದ ಮೇಲೆ ಒಣಗಿಸಿದ, ತೆರೆದ ಚೀಲದಲ್ಲಿ ಮಾರುವ ಕಾಳುಮೆಣಸು, ಕೊತ್ತಂಬರಿ ಪುಡಿಗಳು ತಾವೇ ಬ್ಯಾಕ್ಟೀರಿಯಾ ಮತ್ತು ಅವುಗಳ ಬೀಜಕಗಳನ್ನು ಹೊತ್ತು ತರುತ್ತವೆ. ಕಾಳುಮೆಣಸಿನಲ್ಲಿ ಸಾಲ್ಮೊನೆಲ್ಲಾ ಸಿಕ್ಕ ಉದಾಹರಣೆಗಳು ಹಲವು ದೇಶಗಳಲ್ಲಿವೆ. ಹಸಿ ಮಾಂಸಕ್ಕೆ ಹಸಿ ಪುಡಿ ಹಚ್ಚಿ ಹೊರಗಿಡುವುದೆಂದರೆ ಕೆಲವೊಮ್ಮೆ ಕಳ್ಳನ ಕಾವಲಿಗೆ ಕಳ್ಳನನ್ನೇ ಕೂರಿಸಿದಂತೆ.

ಹಬ್ಬದ ದಿನ ಏನು ಮಾಡೋಣ?

2024ರಲ್ಲಿ ಬಕ್ರೀದ್ ಜೂನ್ 17ಕ್ಕೆ, 2025ರಲ್ಲಿ ಜೂನ್ 7ಕ್ಕೆ ಬಂತು. ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಮುಂದಿನ ಹಲವು ವರ್ಷ ಹಬ್ಬ ಮೇ, ಏಪ್ರಿಲ್‌ನ ಕಡು ಸೆಕೆಯಲ್ಲಿ ಬೀಳಲಿದೆ. ಕರಾವಳಿಯ ಧಗೆ, ಕಲಬುರಗಿ ರಾಯಚೂರಿನ 40 ಡಿಗ್ರಿ ಬಿಸಿಲು, ಜೊತೆಗೆ ಕರೆಂಟ್ ಹೋಗುವ ಹೊತ್ತು ಎಲ್ಲವನ್ನೂ ನೆನೆಸಿಕೊಳ್ಳಿ. ಹಸಿ ಮಾಂಸ ಹೊರಗೆ ಇರಬಹುದಾದದ್ದು ಎರಡು ತಾಸು. ಸೆಕೆ 32 ಡಿಗ್ರಿ ದಾಟಿದರೆ ಒಂದೇ ತಾಸು. ಈ ಲೆಕ್ಕ ಶುರುವಾಗುವುದು ನಮ್ಮ ಮನೆಗೆ ಚೀಲ ಬಂದಾಗ ಅಲ್ಲ, ಝಬಹ್ ಆಗಿ ತುಂಡು ಮಾಡಿದಾಗಿನಿಂದ.

ಆಗಷ್ಟೇ ಕೊಯ್ದ ಆಡಿನ ಮಾಂಸ ಸುಮಾರು 39 ಡಿಗ್ರಿ ಬೆಚ್ಚಗಿರುತ್ತದೆ. ಐದು ಕಿಲೋ ಮಾಂಸವನ್ನು ಒಂದೇ ಚೀಲದಲ್ಲಿ ಕಟ್ಟಿ ತುಂಬಿದ ಫ್ರೀಜರ್‌ಗೆ ತುರುಕಿದರೆ ಹೊರಗೆ ಮಂಜು ಕಟ್ಟಿದರೂ ನಡುಭಾಗ ಎಷ್ಟೋ ತಾಸು ಬೆಚ್ಚಗೇ ಉಳಿಯುತ್ತದೆ. ಮಂಜು ಕರಗಿಸಿದಾಗ ನಡುವಿನ ತುಂಡು ಹಸಿರುಗಟ್ಟಿ ವಾಸನೆ ಬರುವುದನ್ನು ಅನೇಕರು ನೋಡಿರುತ್ತೀರಿ. ಒಂದು ಹೊತ್ತಿಗೆ ಬೇಕಾದಷ್ಟನ್ನು ಎರಡು ಮೂರು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಚಪ್ಪಟೆಯಾಗಿ ಹರಡಿ ಚೀಲ ಮಾಡಿ, ಒಂದಕ್ಕೊಂದು ಒತ್ತಿಕೊಳ್ಳದಂತೆ ಇಡಿ. ಗಾಳಿ ಆಡದ ಫ್ರಿಜ್ ತಂಪು ಮಾಡುವುದಿಲ್ಲ. ಹಬ್ಬದ ಹಿಂದಿನ ದಿನವೇ ಫ್ರಿಜ್ ಖಾಲಿ ಮಾಡಿಕೊಳ್ಳುವುದು, ಮೀನಿನ ಮಾರುಕಟ್ಟೆಯಿಂದ ಐಸ್ ತರಿಸಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಯಾವ ಮಸಾಲೆಗಿಂತಲೂ ದೊಡ್ಡ ಮದ್ದು.

"ತಕ್ಷಣ ತಂಪಿಗಿಟ್ಟರೆ ಮಾಂಸ ಗಟ್ಟಿಯಾಗುತ್ತದೆ" ಎಂದು ಹೇಳುವವರಿದ್ದಾರೆ. ಇದರಲ್ಲಿ ನಿಜವಿದೆ. ಸ್ನಾಯು ಇನ್ನೂ ಸೆಡೆಯುವ ಮೊದಲೇ ಕಡು ತಂಪು ತಗುಲಿದರೆ ಅದು ಬಿಗಿದುಕೊಳ್ಳುತ್ತದೆ. ಆದರೆ ನಮ್ಮ ಸೆಕೆಯಲ್ಲಿ ಮೆದುವಿಗಾಗಿ ಹೊರಗಿಟ್ಟು ಕಾಯುವುದು ದುಬಾರಿ ಆಟ. ಬೇಕಿದ್ದರೆ ಒಂದು ದಿನ ಫ್ರಿಜ್‌ನ ಕೆಳಗಿನ ಭಾಗದಲ್ಲಿ 4 ಡಿಗ್ರಿಯಲ್ಲಿಟ್ಟು ಮರುದಿನ ಫ್ರೀಜರ್‌ಗೆ ಹಾಕಿ. ಗಟ್ಟಿಯಾದದ್ದು ಕುಕ್ಕರಿನಲ್ಲಿ ಎರಡು ಸೀಟಿ ಹೆಚ್ಚು ಕೂಗಿಸಿದರೆ ಬೇಯುತ್ತದೆ. ಕಲೇಜಿ, ಬೋಟಿ, ಕೀಮಾ ಮಾತ್ರ ಕಾಯುವುದಿಲ್ಲ. ಹಬ್ಬದ ದಿನವೇ ಬೇಯಿಸಿ ಮುಗಿಸಿ, ಹೆಚ್ಚೆಂದರೆ ಮರುದಿನ. ದೊಡ್ಡ ತುಂಡುಗಳು ಫ್ರಿಜ್‌ನಲ್ಲಿ ಮೂರರಿಂದ ಐದು ದಿನ ಇರಬಲ್ಲವು.

ತೊಳೆಯುವ ವಿಷಯಕ್ಕೆ ಬಂದರೆ, ಹಸಿ ಮಾಂಸ ತೊಳೆಯಲೇಬೇಡಿ ಎಂದು ಅಮೆರಿಕದವರು ಹೇಳುತ್ತಾರೆ. ನಳ್ಳಿಯ ಕೆಳಗೆ ಹಿಡಿದಾಗ ಸಿಡಿಯುವ ಹನಿಗಳು ಪಕ್ಕದ ಪಾತ್ರೆ, ಹೆಚ್ಚಿಟ್ಟ ಈರುಳ್ಳಿ, ಕುಡಿಯುವ ಲೋಟದವರೆಗೆ ಬ್ಯಾಕ್ಟೀರಿಯಾ ಹರಡುತ್ತವೆ ಎಂಬುದು ಕಾರಣ. ರಕ್ತ, ಕೂದಲು, ಮೂಳೆಪುಡಿ ಇರುವ ನಮ್ಮ ಮಾಂಸವನ್ನು ತೊಳೆಯದೆ ಬೇಯಿಸಿ ಎಂದು ನಾನು ಯಾವ ಬಾಯಿಂದ ಹೇಳಲಿ? ಪಾತ್ರೆಯಲ್ಲಿ ನೀರು ತುಂಬಿ ಅದರಲ್ಲಿ ಮೆಲ್ಲಗೆ ಅದ್ದಿ ತೊಳೆಯಿರಿ, ಬೇಯಿಸುವ ಮುಂಚೆಯಷ್ಟೇ. ಒದ್ದೆ ಮಾಂಸ ಬೇಗ ಕೆಡುವುದರಿಂದ ತೊಳೆದು ಫ್ರಿಜ್‌ಗೆ ಇಡುವುದು ಬೇಡ. ಆಮೇಲೆ ಸಿಂಕ್, ಹಲಗೆ, ಚಾಕು ಸೋಪಿನಿಂದ ತೊಳೆಯಿರಿ.

ಮಸಾಲೆ ಹಚ್ಚುವುದನ್ನು ಬಿಡಬೇಕಾಗಿಲ್ಲ. ಹಚ್ಚಿ ಫ್ರಿಜ್‌ನಲ್ಲಿಡಿ. ಮೊಸರು, ಲಿಂಬೆ, ಹೊಸದಾಗಿ ಜಜ್ಜಿದ ಬೆಳ್ಳುಳ್ಳಿ ತಂಪಿನ ಜೊತೆ ಸೇರಿ ತಮ್ಮ ಪಾಲಿನ ಕೆಲಸ ಮಾಡುತ್ತವೆ. ಲಿಂಬೆರಸದಲ್ಲಿ ಮಾಂಸ ಬೆಳ್ಳಗಾದರೆ ಬೆಂದಿತು ಎಂದು ತಿಳಿಯಬೇಡಿ. ಅದು ಮೇಲಿನ ಪ್ರೋಟೀನ್ ಬದಲಾದ ಗುರುತು ಅಷ್ಟೇ.

ಬೆಂದ ಮೇಲೂ ಒಂದು ಅಪಾಯವಿದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಮದುವೆ, ಹಬ್ಬದ ದೊಡ್ಡ ದೇಗ್‌ನಲ್ಲಿ ಬಿರಿಯಾನಿ ಮೆಲ್ಲಗೆ ಆರುತ್ತಾ 45 ಡಿಗ್ರಿಯ ಆಸುಪಾಸಿಗೆ ಬಂದಾಗ ಅವು ಮೊಳೆತು, ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಲವಂಗ, ಚಕ್ಕೆ ಎಷ್ಟೇ ಬಿದ್ದಿರಲಿ. ಉಳಿದದ್ದನ್ನು ಅಗಲದ ತಟ್ಟೆಗಳಿಗೆ ಹರಡಿ ಎರಡು ತಾಸಿನೊಳಗೆ ಫ್ರಿಜ್ ಸೇರಿಸಿ. ಮರುದಿನ ಹಬೆಯಾಡುವಷ್ಟು ಬಿಸಿ ಮಾಡಿಯೇ ತಿನ್ನಿ.

ಫ್ರಿಜ್ ಇಲ್ಲದ ಮನೆಗೆ ಹೋಗುವ ಚೀಲ

ಮೇಲೆ ಹೇಳಿದ್ದೆಲ್ಲ ಫ್ರಿಜ್ ಇರುವವರ ಮಾತಾಯಿತು. ಕುರ್ಬಾನಿಯ ಒಂದು ಪಾಲು ಹೋಗುವುದು ಬಡವರ ಮನೆಗೆ. ಎಷ್ಟೋ ಮನೆಗಳಲ್ಲಿ ಫ್ರಿಜ್ ಇಲ್ಲ, ಇದ್ದರೂ ಕರೆಂಟ್ ನೆಚ್ಚುವ ಹಾಗಿಲ್ಲ. ನಮ್ಮ ಪಾಲನ್ನು ಮೊದಲು ಒಳಗೆ ಸೇರಿಸಿ, ನೆಂಟರಿಗೆ ಕಳುಹಿಸಿ, ಊಟ ಮುಗಿಸಿ, ಸಂಜೆಗೆ ಬಡವರ ಚೀಲ ಹೊರಡಿಸುತ್ತೇವೆ. ಅಷ್ಟು ಹೊತ್ತು ಅದು ಅಂಗಳದ ನೆರಳಿನಲ್ಲಿ ಬಿದ್ದಿರುತ್ತದೆ. ನಾವು ತಿನ್ನಲು ಹಿಂಜರಿಯುವ ಸ್ಥಿತಿಗೆ ಬಂದ ಮಾಂಸ ಅವರ ಕೈಗೆ ಸಿಗುತ್ತದೆ, ಅವರು ಅದಕ್ಕೆ ಅರಿಶಿನ ಉಪ್ಪು ಹಚ್ಚಿ ಮರುದಿನಕ್ಕೂ ಇಟ್ಟುಕೊಳ್ಳುತ್ತಾರೆ.

ಮದೀನಾದಲ್ಲಿ ಹಸಿದ ಬಡವರು ಬಂದು ಸೇರಿದ ಒಂದು ವರ್ಷ, ಕುರ್ಬಾನಿ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬೇಡಿ ಎಂದು ಪ್ರವಾದಿಯವರು(ಸ) ಹೇಳಿದ್ದು, ಮುಂದೆ ಇಟ್ಟುಕೊಳ್ಳಲು ಅನುಮತಿ ಕೊಟ್ಟದ್ದು ಹದೀಸ್ ಓದಿದವರಿಗೆ ಗೊತ್ತು. ಹಬ್ಬದ ಮರುದಿನದಿಂದ ಬರುವ ಮೂರು ದಿನಗಳಿಗೆ ಅಯ್ಯಾಮುತ್ತಶ್ರೀಕ್ ಎಂಬ ಹೆಸರು ಬಂದದ್ದೇ ಮಾಂಸವನ್ನು ಪಟ್ಟಿಪಟ್ಟಿಯಾಗಿ ಕೊಯ್ದು ಬಿಸಿಲಿಗೆ ಒಣಹಾಕುತ್ತಿದ್ದುದರಿಂದ ಎಂಬ ವಿವರಣೆಯೊಂದಿದೆ. ಅರಬ್ ನಾಡಿನ ಒಣ ಗಾಳಿಗೆ ಅದು ಸರಿಹೋಗುತ್ತಿತ್ತು. ಬ್ಯಾಕ್ಟೀರಿಯಾ ಬೆಳೆಯಲು ನೀರು ಬೇಕು. ನೀರನ್ನೇ ತೆಗೆದರೆ ಅದು ನಿಲ್ಲುತ್ತದೆ. ಕಲ್ಯಾಣ ಕರ್ನಾಟಕದ ಕಡೆಯ ಮನೆಗಳಲ್ಲಿ ತೆಳ್ಳಗೆ ಸೀಳಿ, ಧಾರಾಳ ಉಪ್ಪು ಹಚ್ಚಿ, ಮಾಳಿಗೆಯ ಹಗ್ಗದ ಮೇಲೆ ಒಣಗಿಸುವ ಸೂಖಾ ಗೋಷ್ತ್ ಇದೇ ದಾರಿಯದು. ಕಡು ಬಿಸಿಲಿನ ಒಣ ಊರಿನಲ್ಲಿ, ನೊಣ ಕೂರದಂತೆ ಬಲೆ ಕಟ್ಟಿ, ಕಡ್ಡಿಯ ಹಾಗೆ ಮುರಿಯುವಷ್ಟು ಒಣಗಿಸಿದರೆ ಅದು ಬಾಳುತ್ತದೆ. ಮಂಗಳೂರು, ಉಡುಪಿಯ ತೇವದ ಗಾಳಿಯಲ್ಲಿ ಅದನ್ನು ಮಾಡಲು ಹೋಗಬೇಡಿ. ಒಣಗುವ ಮೊದಲೇ ಕೊಳೆಯುತ್ತದೆ.

ಹಾಗಾಗಿ ಫ್ರಿಜ್ ಇಲ್ಲದ ಮನೆಗೆ ಹೋಗುವ ಚೀಲ ಎಲ್ಲಕ್ಕಿಂತ ಮೊದಲು ಹೊರಡಬೇಕು. ಒಂದು ಹೊತ್ತಿನ ಅಡುಗೆಗೆ ಸಾಕಾಗುವಷ್ಟು, ಐಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋಗಿ ಕೊಡಬೇಕು. ಉಳಿದದ್ದನ್ನು ಹಂಚುವವರೇ ತಂಪಿನಲ್ಲಿ ಇಟ್ಟುಕೊಂಡು ಮರುದಿನ ಮತ್ತೆ ತಲುಪಿಸಬಹುದು. ನಮ್ಮ ಮೊಹಲ್ಲಾದಲ್ಲಿ ಹೋದ ವರ್ಷ ಹುಡುಗರು ಮೀನಿನ ವ್ಯಾಪಾರಿಯೊಬ್ಬರ ಐಸ್ ಪೆಟ್ಟಿಗೆಗಳನ್ನು ಬಾಡಿಗೆಗೆ ತಂದು ಮೂರು ಬೈಕ್‌ಗಳಲ್ಲಿ ಹೊರಟರು. ಲುಹರ್ ಬಾಂಗಿಗೆ ಮೊದಲು ಕೊನೆಯ ಮನೆ ಮುಗಿಸಿ ಬಂದರು.